ಸಿನಿಮಾ ಪಟ್ಟಿ ಪಕ್ಕದಲ್ಲಿ ಮ್ಯೂಸಿಯಂಗೂ ನಾಲ್ಕು ಸಾಲು ಕೊಡಿ

ಸಂಪಾದಕರೇ, ನಮಸ್ಕಾರ.

ರಜೆ ಹತ್ತಿರ ಬಂತು ಅಂದರೆ ಸಾಕು, ಎಲ್ಲ ಪತ್ರಿಕೆಗಳಲ್ಲೂ ‘ಒಂದೇ ದಿನದಲ್ಲಿ ಬೆಂಗಳೂರು ನೋಡಿ’ ಅನ್ನೋ ಥರದ ಪಟ್ಟಿ ಬರುತ್ತದೆ. ಬೆಳಿಗ್ಗೆ ಕಸ್ತೂರಬಾ ರಸ್ತೆಯ ಮ್ಯೂಸಿಯಂಗಳು, ಮಧ್ಯಾಹ್ನ ಎಚ್‌ಎಎಲ್ ವಿಮಾನ ಮ್ಯೂಸಿಯಂ, ಸಂಜೆ ಜೆ.ಪಿ. ನಗರದ ಸಂಗೀತ ಮ್ಯೂಸಿಯಂ, ನಡುವೆ ಪುರುಸೊತ್ತಾದರೆ ಲಾಲ್‌ಬಾಗ್. ಫೋಟೋ ಚೆನ್ನಾಗಿರುತ್ತದೆ, ನಕ್ಷೆಯೂ ಇರುತ್ತದೆ. ಆದರೆ ಆ ಪಟ್ಟಿ ಹಿಡಿದು ಯಾರಾದರೂ ನಿಜವಾಗಿ ಹೊರಟರೆ ದೊಮ್ಮಲೂರು ಫ್ಲೈಓವರ್ ಹತ್ತಿರವೇ ಸಂಜೆ ಆಗಿರುತ್ತದೆ. ಇದನ್ನು ಬರೆದವರು ಈ ಊರಲ್ಲಿ ಬಸ್ಸು ಹತ್ತಿದ್ದಾರಾ ಅಂತ ಅನುಮಾನ ಬರುತ್ತದೆ, ಬೇಜಾರು ಮಾಡ್ಕೋಬೇಡಿ.

ಅದಕ್ಕೇ ಈ ಪತ್ರ. ನನ್ನ ಕೋರಿಕೆ ಚಿಕ್ಕದು. ನಿಮ್ಮ ಪತ್ರಿಕೆಯಲ್ಲಿ ಸಿನಿಮಾ ಥಿಯೇಟರ್‌ಗಳ ಪಟ್ಟಿ ಬರುತ್ತದಲ್ಲ, ಯಾವ ಟಾಕೀಸಲ್ಲಿ ಯಾವ ಚಿತ್ರ, ಎಷ್ಟು ಗಂಟೆಗೆ ಆಟ ಅಂತ, ಅದರ ಪಕ್ಕದಲ್ಲೇ ಮ್ಯೂಸಿಯಂಗಳಿಗೂ ನಾಲ್ಕು ಸಾಲು ಜಾಗ ಕೊಡಿ. ಇವತ್ತು ಯಾವುದು ತೆರೆದಿದೆ, ಯಾವುದಕ್ಕೆ ರಜೆ, ಟಿಕೆಟ್ ಕೌಂಟರ್ ಎಷ್ಟು ಗಂಟೆಗೆ ಮುಚ್ಚುತ್ತದೆ, ಯಾವ ಗ್ಯಾಲರಿಯಲ್ಲಿ ದುರಸ್ತಿ ನಡೀತಿದೆ. ಇಷ್ಟೇ. ‘ನೋಡಲೇಬೇಕಾದ ಹತ್ತು ತಾಣ’ ಅಂತ ಬರೆಯೋದು ಸುಲಭ, ಆದರೆ ಜನಕ್ಕೆ ಬೇಕಾಗಿರೋದು ಅದಲ್ಲ. ಇವತ್ತು ಹೋದರೆ ಬಾಗಿಲು ತೆಗೆದಿರುತ್ತಾ ಇಲ್ವಾ, ಅದು ಬೇಕಾಗಿರೋದು.

ಇದೇನು ಅಷ್ಟು ದೊಡ್ಡ ಸಮಸ್ಯೆನಾ ಅಂತ ಕೇಳಬಹುದು. ಊರಿಂದ ನೆಂಟರು ಬಂದ ಮನೆಯವರನ್ನು ಕೇಳಿ ನೋಡಿ. ನಮ್ಮ ಅಕ್ಕನ ಮನೆಯವರು ತಿಪಟೂರಿಂದ ಬೆಳಗಿನ ರೈಲಿಗೆ ಬಂದಿದ್ದರು, ಮಕ್ಕಳಿಗೆ ರಜೆ. ಒಂದು ಕಡೆ ಹೊರಟೆವು, ಹೆಸರು ಬೇಡ. ಇಂಟರ್‌ನೆಟ್‌ನಲ್ಲಿ ತೆರೆದಿದೆ ಅಂತಲೇ ತೋರಿಸುತ್ತಿತ್ತು. ಹೋಗಿ ನೋಡಿದರೆ ಗೇಟಿಗೆ ಬೀಗ, ಬೀಗದ ಮೇಲೆ ಸೆಲೋಟೇಪ್ ಹಾಕಿ ಅಂಟಿಸಿದ ಒಂದು ಹಾಳೆ, ‘ಒಳಾಂಗಣ ಕಾಮಗಾರಿ ಪ್ರಯುಕ್ತ ಮುಚ್ಚಲಾಗಿದೆ’. ಎಲ್ಲಿವರೆಗೆ? ಬರೆದಿಲ್ಲ. ಸೆಕ್ಯುರಿಟಿ ಅಣ್ಣನ್ನ ಕೇಳಿದರೆ ‘ಗೊತ್ತಿಲ್ಲ ಸಾರ್, ಅವರು ಹೇಳಿದಾಗ ತೆಗೀತೀವಿ’ ಅಂದ. ಭಾವ ಏನೂ ಮಾತಾಡಲಿಲ್ಲ. ಅಕ್ಕ ಮಾತ್ರ ‘ಇದನ್ನ ನೋಡೋಕೆ ಐದು ಗಂಟೆಗೆ ಎದ್ದು ಚಿತ್ರಾನ್ನ ಕಟ್ಕೊಂಡು ಬಂದ್ವಾ’ ಅಂತ ಅಲ್ಲೇ ಫುಟ್‌ಪಾತ್ ಮೇಲೆ ಡಬ್ಬಿ ತೆಗೆದಳು. ಆ ಹಾಳೆಯಲ್ಲಿದ್ದ ಒಂದು ವಾಕ್ಯ ಎರಡು ದಿನ ಮುಂಚೆ ಪೇಪರಿನಲ್ಲಿ ಬಂದಿದ್ದರೆ ಸಾಕಾಗಿತ್ತು.

ವಾರದ ರಜೆ ವಿಷಯಕ್ಕೆ ಬಂದರೆ ಇನ್ನೂ ಗೊಂದಲ. ಜಾಸ್ತಿ ಕಡೆ ಸೋಮವಾರ ರಜೆ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ, ಕಸ್ತೂರಬಾ ರಸ್ತೆಯ ‘ಮ್ಯಾಪ್’ ಅನ್ನೋ ಕಲಾ ಮ್ಯೂಸಿಯಂಗೆ ಸೋಮವಾರ, ಜೆ.ಪಿ. ನಗರದ ಸಂಗೀತ ಮ್ಯೂಸಿಯಂಗೆ ಸೋಮವಾರ, ನೆಹರೂ ತಾರಾಲಯಕ್ಕೂ ಸೋಮವಾರ. ಸರಿ, ಸೋಮವಾರ ಬಿಟ್ಟು ಹೋದರಾಯ್ತು ಅಂದುಕೊಂಡು ಮಂಗಳವಾರ ರಾಮನಗರದ ಜಾನಪದ ಲೋಕಕ್ಕೆ ಹೊರಟರೆ ಅಲ್ಲಿ ಮಂಗಳವಾರವೇ ರಜೆ! ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಂ ಜನಕ್ಕೆ ತೆರೆಯೋದು ವಾರದ ಕೆಲವೇ ದಿನ, ಅದೂ ಕೆಲವೇ ಗಂಟೆ. ಇನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಒಂದೇ ಜಾಗಕ್ಕೆ ಒಂದು ಕಡೆ ಬುಧವಾರ ರಜೆ ಅಂತ, ಇನ್ನೊಂದು ಕಡೆ ಸೋಮವಾರ ಅಂತ ಇರುತ್ತದೆ. ಯಾವಾಗಲೋ ಯಾರೋ ಬರೆದದ್ದನ್ನೇ ಇನ್ನೊಬ್ಬರು ಎತ್ತಿ ಹಾಕಿರುತ್ತಾರೆ. ಟಿಕೆಟ್ ದರವೂ ಅಷ್ಟೇ, ಹಳೇದು.

ಸೋಮವಾರವೇ ನೆಂಟರು ಬಂದುಬಿಟ್ಟರೆ ಏನು ಮಾಡೋದು? ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂಗೆ ಹೋಗಿ. ಗಣೇಶ ಚತುರ್ಥಿ, ದೀಪಾವಳಿ ಬಿಟ್ಟರೆ ಹೆಚ್ಚುಕಮ್ಮಿ ವರ್ಷವಿಡೀ ತೆರೆದಿರುವ ಜಾಗ ಅದು. 1962ರಲ್ಲಿ ನೆಹರೂ ಅಡಿಗಲ್ಲು ಹಾಕಿ, 1965ರ ಜುಲೈ 27ರಂದು ಇಂದಿರಾ ಗಾಂಧಿ ಉದ್ಘಾಟನೆ ಮಾಡಿದ್ದು. ಒಳಗೆ ಎಂಜಿನ್ ಹಾಲ್ ಇದೆ. ನಿಜವಾದ ಎಂಜಿನ್‌ಗಳನ್ನು ಸೀಳಿ ಇಟ್ಟಿದ್ದಾರೆ, ಪಿಸ್ಟನ್ ಹೇಗೆ ಮೇಲೆ ಕೆಳಗೆ ಹೋಗುತ್ತದೆ, ಗೇರಿಗೆ ಗೇರು ಹೇಗೆ ಕಚ್ಚಿಕೊಳ್ಳುತ್ತದೆ ಅಂತ ಕಣ್ಣಲ್ಲೇ ನೋಡಬಹುದು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಅಳತೆಗೆ ಅಳತೆ ಮಾದರಿ ಇದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಆ ದಿನಕ್ಕೆ ಬೇರೆ ಯಾವ ಮ್ಯೂಸಿಯಂ ಯೋಚನೆಯನ್ನೂ ಇಟ್ಟುಕೊಳ್ಳಬೇಡಿ. ಗುಂಡಿ ಒತ್ತುವ, ಹಗ್ಗ ಎಳೆಯುವ, ಚಕ್ರ ತಿರುಗಿಸುವ ಜಾಗದಿಂದ ಮಕ್ಕಳನ್ನು ಎಬ್ಬಿಸಿ ಕರೆತರೋದು ಯಾರ ಕೈಲೂ ಆಗೋದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಬೆಳಿಗ್ಗೆ ಹೊತ್ತು ಹೋಗಬೇಡಿ. ಜಿಲ್ಲೆ ಜಿಲ್ಲೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತಿರುತ್ತವೆ, ಒಳಗೆ ಒಂದೊಂದು ಯಂತ್ರದ ಮುಂದೂ ಸಾಲು. ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಖಾಲಿ ಆಗುತ್ತದೆ.

ಪಕ್ಕದಲ್ಲೇ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ. ಶುರುವಾದದ್ದು 1865ರಲ್ಲಿ, ಮದ್ರಾಸಿನ ಮ್ಯೂಸಿಯಂ ಕಟ್ಟಿದ ಎಡ್ವರ್ಡ್ ಬಾಲ್ಫರ್ ಎಂಬ ಸರ್ಜನ್ ಇದಕ್ಕೂ ಕಾರಣ. ಮೊದಲು ಇದ್ದದ್ದು ದಂಡು ಪ್ರದೇಶದಲ್ಲಿ, ಈಗ ಮ್ಯೂಸಿಯಂ ರಸ್ತೆ ಅಂತೀವಲ್ಲ, ಅಲ್ಲಿ. ಈಗಿನ ಕಟ್ಟಡ 1877ರದ್ದು, ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಿಸಿದ ಎಂಜಿನಿಯರ್ ಸ್ಯಾಂಕಿಯದೇ ಕೈ. (ಆದ್ದರಿಂದ ಆಟೋದವರಿಗೆ ಸುಮ್ನೆ ‘ಮ್ಯೂಸಿಯಂ’ ಅನ್ನಬೇಡಿ. ‘ಕಬ್ಬನ್ ಪಾರ್ಕ್ ಪಕ್ಕ, ಕಸ್ತೂರಬಾ ರಸ್ತೆ’ ಅನ್ನಿ. ಇಲ್ಲದಿದ್ದರೆ ಮ್ಯೂಸಿಯಂ ರಸ್ತೆಯಲ್ಲಿ ಇಳಿಸಿ ಮೀಟರ್ ಮೇಲೆ ಇಪ್ಪತ್ತು ಕೇಳುತ್ತಾರೆ.)

ಇಲ್ಲಿ ಒಂದು ಕಲ್ಲಿನ ಬಗ್ಗೆ ಹೇಳಲೇಬೇಕು. ಆತಕೂರು ಶಾಸನ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಕಾಲ ಕ್ರಿ.ಶ. 949-50. ಮೇಲೆ ಹಳಗನ್ನಡದ ಅಕ್ಷರ, ನಡುವೆ ಒಂದು ನಾಯಿ ಮತ್ತು ಒಂದು ಹಂದಿ ಒಂದರ ಮೇಲೊಂದು ಬಿದ್ದು ಕಾದಾಡುತ್ತಿರುವ ಚಿತ್ರ. ಕಥೆ ಏನಪ್ಪಾ ಅಂದರೆ, ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದಾಗ ಗಂಗರ ಬೂತುಗ ಅವನ ಕಡೆ ನಿಂತು ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಕೇಳು ಅಂದರೆ, ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿ ಕೊಡಿ ಅಂದ! ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು, ನಾಯಿ ಹಂದಿ ಎರಡೂ ಸತ್ತವು. ಮಣಲೆರ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಪೂಜೆ ನಡೆಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತ ಶಾಸನದಲ್ಲೇ ಬರೆಸಿದ್ದಾನೆ.

ಈ ಕಥೆ ಗೊತ್ತಿದ್ದು ಆ ಕಲ್ಲಿನ ಮುಂದೆ ನಿಂತರೆ ಒಂದು ಥರ, ಗೊತ್ತಿಲ್ಲದೆ ನಿಂತರೆ ಇನ್ನೊಂದು ಥರ. ಗೊತ್ತಿಲ್ಲದವರು ಅರ್ಧ ನಿಮಿಷಕ್ಕೆ ಮುಂದೆ ಹೋಗುತ್ತಾರೆ. ಅಕ್ಕನ ಮಗನಿಗೆ ಮೆಟ್ರೋದಲ್ಲಿ ಬರುವಾಗಲೇ ಕಥೆ ಹೇಳಿದ್ದೆ, ಅವನು ಒಳಗೆ ಹೋದವನೇ ‘ಕಾಳಿ ಎಲ್ಲಿ’ ಅಂತ ಹುಡುಕಿದ. ಸಿಕ್ಕ ಮೇಲೆ ಮೊಣಕಾಲೂರಿ ಕೂತು, ನಾಯಿಯ ಬಾಲ ಯಾವುದು, ಹಂದಿಯ ಕಿವಿ ಯಾವುದು ಅಂತ ಬೆರಳು ತಾಗಿಸದೆ ಗಾಳಿಯಲ್ಲೇ ಗೆರೆ ಎಳೆಯುತ್ತಾ ಇದ್ದ. ನನ್ನ ಪ್ರಕಾರ ಮ್ಯೂಸಿಯಂಗೆ ಹೋಗೋ ತಯಾರಿ ಅಂದರೆ ಇದೇ. ಹೋಗುವ ಮುಂಚೆ ಒಂದೋ ಎರಡೋ ವಸ್ತು ಆರಿಸಿಕೊಂಡು ಅದರ ಬಗ್ಗೆ ಮನೆಯಲ್ಲಿ ಸ್ವಲ್ಪ ಮಾತಾಡಿ. ಮಿಕ್ಕಿದ್ದನ್ನು ನೋಡಿದರೂ ಸರಿ, ಬಿಟ್ಟರೂ ಸರಿ. ಎಲ್ಲ ಗಾಜಿನ ಪೆಟ್ಟಿಗೆ ಮುಂದೂ ನಿಂತು ಬರಲೇಬೇಕು ಅನ್ನೋ ಹಟ ಯಾಕೆ, ಟಿಕೆಟ್ ದುಡ್ಡು ವಸೂಲಿ ಮಾಡೋಕೇನು ಮದುವೆ ಊಟಾನಾ? ಆದರೆ ಈ ಕಟ್ಟಡದಲ್ಲೂ ಕೆಲಸ ನಡೆಯೋದು, ಗ್ಯಾಲರಿಗಳನ್ನು ಮುಚ್ಚಿ ತೆಗೆಯೋದು ಇದ್ದೇ ಇರುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ವಿಚಾರಿಸೋದು ಎಲ್ಲಿ ಅನ್ನೋದೇ ಪ್ರಶ್ನೆ, ಅದಕ್ಕೇ ನಾಲ್ಕು ಸಾಲು ಕೇಳ್ತಿರೋದು.

ಅದೇ ಆವರಣದಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಕೆ. ವೆಂಕಟಪ್ಪ ಮೈಸೂರು ಅರಮನೆಯ ಚಿತ್ರಕಾರರ ಮನೆತನದವರು, ಕಲ್ಕತ್ತಾಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದರು, ಆಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅವರು ಬರೆದ ಊಟಿ, ಕೊಡೈಕೆನಾಲ್‌ನ ಜಲವರ್ಣ ಚಿತ್ರಗಳನ್ನು ಹತ್ತಿರ ಹೋಗಿ ನೋಡಬೇಕು. ಮಂಜು ಬೆಟ್ಟದ ಮೇಲಿಂದ ಇಳಿಯೋದನ್ನು ಎಷ್ಟು ತಾಳ್ಮೆಯಿಂದ ತೀಡಿದ್ದಾರೆ! ಪ್ಲಾಸ್ಟರ್‌ನಲ್ಲಿ ಮಾಡಿದ ಉಬ್ಬುಶಿಲ್ಪಗಳೂ ಇವೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ನನ್ನ ಸ್ನೇಹಿತರಲ್ಲೇ ಎಷ್ಟೋ ಜನ ಆ ಬಾಗಿಲು ದಾಟಿಲ್ಲ. ಎಂ.ಜಿ. ರೋಡಿಗೆ ಮಾತ್ರ ವಾರ ವಾರ ಹೋಗುತ್ತಾರೆ.

ಎದುರು ಸಾಲಿನಲ್ಲಿ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. 2023ರ ಫೆಬ್ರವರಿಯಲ್ಲಿ ತೆರೆದದ್ದು, ಖಾಸಗಿಯವರದ್ದು. ಒಳಗೆ ಲಿಫ್ಟು, ಶೌಚಾಲಯ, ಕೂರಲು ಜಾಗ ಎಲ್ಲ ಅಚ್ಚುಕಟ್ಟು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋದಾದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಆದರೆ ಅಲ್ಲಿ ಪ್ರದರ್ಶನಗಳು ಬದಲಾಗುತ್ತಿರುತ್ತವೆ. ಹೋದ ಸಲ ನೋಡಿದ್ದು ಈ ಸಲ ಇರೋದಿಲ್ಲ. ಈಗ ಏನಿದೆ ಅಂತ ತಿಳ್ಕೊಂಡು ಹೋಗಿ.

ನೋಡಿ, ಈ ನಾಲ್ಕೂ ಒಂದೇ ರಸ್ತೆಯಲ್ಲಿವೆ, ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಹಾಗಂತ ನಾಲ್ಕನ್ನೂ ಒಂದೇ ದಿನ ಮಾಡಬೇಡಿ. ಎರಡು ಸಾಕು. ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ, ನಡುವೆ ಕಬ್ಬನ್ ಪಾರ್ಕ್ ಮರದ ಕೆಳಗೆ ಒಂದು ಗಂಟೆ. ಭಾನುವಾರ ಪಾರ್ಕ್ ಒಳಗೆ ಗಾಡಿ ಬಿಡೋದಿಲ್ಲ, ಮಕ್ಕಳು ಓಡಾಡಲಿ. ಕಾರಲ್ಲಿ ಹೋದರೆ ಪಾರ್ಕಿಂಗ್ ಹುಡುಕೋದ್ರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ, ಮೆಟ್ರೋ ವಾಸಿ. ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು 2023ರ ಜೂನ್‌ನಿಂದ ಪುಕ್ಕಟೆ ಆಗಿದೆ. ಅಕ್ಕನ ಥರದವರಿಗೆ ಬಸ್ಸೇ ಖುಷಿ, ಆಧಾರ್ ಕಾರ್ಡ್ ಬ್ಯಾಗಲ್ಲಿರಲಿ.

ಪಟ್ಟಿ ಮಾಡುವವರು ಹೀಗೆ ರಸ್ತೆ ಹಿಡಿದು ಮಾಡಬೇಕು ಅನ್ನೋದು ನನ್ನ ವಾದ. ಇನ್ನೊಂದು ಗುಂಪು ಅರಮನೆ ರಸ್ತೆ, ಕುಮಾರಕೃಪಾ ರಸ್ತೆಯ ಕಡೆ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮಾಣಿಕ್ಯವೇಲು ಮ್ಯಾನ್ಶನ್ ಅನ್ನೋ ಹಳೇ ಬಂಗಲೆಯಲ್ಲಿದೆ, 2009ರಲ್ಲಿ ತೆರೆದದ್ದು. ಚಿತ್ರಕಲೆ ಬಗ್ಗೆ ಗೊತ್ತಿಲ್ಲದವರೂ ಹೋಗಬಹುದು. ಮೂರೂವರೆ ಎಕರೆ ಅಂಗಳ, ದೊಡ್ಡ ದೊಡ್ಡ ಮರ, ಬಿಸಿಲಿನ ದಿನ ಅಲ್ಲಿ ಕೂತರೆ ಊರಿನ ಮಧ್ಯೆ ಇದ್ದೀವಿ ಅನ್ನಿಸೋದಿಲ್ಲ. ಅಲ್ಲಿಂದ ನೆಹರೂ ತಾರಾಲಯ ಹತ್ತಿರ. ಚಿತ್ರಕಲಾ ಪರಿಷತ್ತೂ ದೂರವೇನಿಲ್ಲ, ಆಟೋ ಹತ್ತಿದರೆ ಕೆಲವೇ ನಿಮಿಷ. ಪರಿಷತ್ತಿನಲ್ಲಿ ಜನ ಹೊರಗಿನ ಸೀರೆ, ಮಣಿಸರದ ಮೇಳ ನೋಡಿಕೊಂಡು ವಾಪಸ್ ಬರುತ್ತಾರೆ, ಒಳಗೆ ತೊಗಲುಗೊಂಬೆ, ಮೈಸೂರು ಶೈಲಿಯ ಚಿತ್ರಗಳು, ರಷ್ಯಾದ ಚಿತ್ರಕಾರರ ಮನೆತನ ರೋರಿಕ್‌ರ ಚಿತ್ರಗಳು ಇರೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ತೊಗಲುಗೊಂಬೆಗಳನ್ನು ನೋಡಿ. ಆಳೆತ್ತರದ ರಾವಣ, ತೆಳ್ಳಗಿನ ಚರ್ಮಕ್ಕೆ ಉಳಿಯಿಂದ ಕೊರೆದ ಸಾವಿರಾರು ತೂತು, ಅದರಿಂದಲೇ ಬೆಳಕು ಬಂದು ಒಡವೆ ಹೊಳೆಯೋದು. ಚಿತ್ರಸಂತೆಯ ಭಾನುವಾರ ಮಾತ್ರ, ಅದು ಜನವರಿಯಲ್ಲಿ ಬರುತ್ತದೆ, ಗ್ಯಾಲರಿ ನೋಡ್ತೀನಿ ಅಂತ ಆ ಕಡೆ ಹೋಗಬೇಡಿ, ಇಡೀ ರಸ್ತೆ ಜನಜಾತ್ರೆ. ಸಂತೆ ನೋಡೋಕೆ ಹೋಗೋದಾದರೆ ಸರಿ.

ತಾರಾಲಯದ್ದು ಒಂದು ಮಾತು. ಅಲ್ಲಿ ಕನ್ನಡದ ಪ್ರದರ್ಶನ ಬೇರೆ, ಇಂಗ್ಲಿಷಿನದ್ದು ಬೇರೆ, ಸಮಯವೂ ಬೇರೆ ಬೇರೆ. ಇದು ಗೊತ್ತಿಲ್ಲದೆ ಹಳ್ಳಿಯಿಂದ ಬಂದವರು ಯಾವುದು ಮೊದಲು ಸಿಗುತ್ತೋ ಅದಕ್ಕೆ ಟಿಕೆಟ್ ತಗೊಂಡು, ಇಂಗ್ಲಿಷ್ ವಿವರಣೆ ಕೇಳುತ್ತಾ ಕತ್ತಲಲ್ಲಿ ಕೂತು ನಿದ್ದೆ ಮಾಡಿ ಬರುತ್ತಾರೆ. ಕನ್ನಡ ಪತ್ರಿಕೆಯವರು ಬೇರೇನೂ ಹಾಕದಿದ್ದರೂ ಕನ್ನಡ ಪ್ರದರ್ಶನ ಎಷ್ಟು ಗಂಟೆಗೆ ಅನ್ನೋದನ್ನು ಹಾಕಬೇಕು ತಾನೆ? ಸೋಮವಾರದ ಜೊತೆಗೆ ತಿಂಗಳ ಎರಡನೇ ಮಂಗಳವಾರವೂ ಅಲ್ಲಿ ರಜೆ, ಇದನ್ನಂತೂ ಯಾರು ನೆನಪಿಟ್ಟುಕೊಳ್ಳುತ್ತಾರೆ.

ಈ ಎರಡು ಗುಂಪಿಗೆ ಸೇರದವು ಊರಿನ ಮೂಲೆ ಮೂಲೆಯಲ್ಲಿವೆ. ಅವಕ್ಕೆ ಒಂದೊಂದಕ್ಕೂ ಅರ್ಧ ದಿನ ಬೇಕು, ಜೊತೆಗೆ ಬೇರೇನೂ ಸೇರಿಸಬಾರದು. ಎಚ್‌ಎಎಲ್ ಮ್ಯೂಸಿಯಂಗೆ ಮೆಜೆಸ್ಟಿಕ್‌ನಿಂದ 335ಇ ಬಸ್ಸು ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಹೋಗುತ್ತದೆ, ಕಂಡಕ್ಟರ್‌ಗೆ ಹೇಳಿದರೆ ಹತ್ತಿರದಲ್ಲೇ ಇಳಿಸುತ್ತಾರೆ. ಅಲ್ಲಿರುವ ಮಾರುತ್ ಯುದ್ಧವಿಮಾನ ಜರ್ಮನಿಯ ಕುರ್ಟ್ ಟ್ಯಾಂಕ್ ಇದೇ ಊರಲ್ಲಿ ಕೂತು ವಿನ್ಯಾಸ ಮಾಡಿದ್ದು, ಮೊದಲು ಹಾರಿದ್ದು 1961ರ ಜೂನ್ 17ರಂದು, 1971ರ ಯುದ್ಧದಲ್ಲಿ ಕೆಲಸಕ್ಕೆ ಬಂತು. ವಿಮಾನಗಳು ಬಯಲಲ್ಲೇ ನಿಂತಿವೆ, ಹಾಗಾಗಿ ಏಪ್ರಿಲ್ ಮಧ್ಯಾಹ್ನ ಹೋದರೆ ತಲೆ ಸುಡುತ್ತದೆ. ಬೆಳಿಗ್ಗೆ ಹೋಗಿ, ಟೋಪಿ ತಗೊಳ್ಳಿ. ಜೆ.ಪಿ. ನಗರ ಏಳನೇ ಹಂತದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ 2019ರಲ್ಲಿ ಶುರುವಾದದ್ದು. ಹೊರಗೆ ಒಂದು ನಾದದ ತೋಟ ಮಾಡಿದ್ದಾರೆ, ಅಲ್ಲಿರೋದನ್ನೆಲ್ಲ ಕೈಯಲ್ಲಿ ಬಾರಿಸಿ ನೋಡಬಹುದು. ಸಂಗೀತ ಗೊತ್ತಿರೋ ದೊಡ್ಡವರು ಒಳಗೆ ಹೆಡ್‌ಫೋನ್ ಹಾಕ್ಕೊಂಡು ಕೂತರೆ ಮಕ್ಕಳನ್ನು ಹೊರಗೆ ಬಿಡಬಹುದು. ಹಸಿರು ಮೆಟ್ರೋದಲ್ಲಿ ಜೆ.ಪಿ. ನಗರದವರೆಗೆ ಹೋಗಿ ಅಲ್ಲಿಂದ ಆಟೋ ಹಿಡಿಯಿರಿ.

ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಇದು ಬೇರೆ ಕಡೆ ಸಿಗೋದಿಲ್ಲ. ಡಾ. ಎಸ್.ಕೆ. ಶಂಕರ್ ಮತ್ತು ಅವರ ವಿಭಾಗದವರು ದಶಕಗಳ ಕಾಲ ಕೂಡಿಸಿದ ಮೆದುಳುಗಳನ್ನು ದ್ರಾವಣ ತುಂಬಿದ ಪಾತ್ರೆಗಳಲ್ಲಿ ಸಾಲಾಗಿ ಇಟ್ಟಿದ್ದಾರೆ. ಅಪಘಾತದಲ್ಲಿ ಪೆಟ್ಟಾದದ್ದು, ಪಾರ್ಶ್ವವಾಯು ಹೊಡೆದದ್ದು, ಗಡ್ಡೆ ಬೆಳೆದದ್ದು. ವಿವರಿಸುವವರು ಇರುತ್ತಾರೆ, ಕೊನೆಗೆ ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ಒಂದೂ ಕಾಲು ಕೆಜಿ, ಒಂದೂವರೆ ಕೆಜಿ ನಡುವೆ ಇರುತ್ತದೆ. ಹಿಡಿದವರು ಯಾರೂ ತಕ್ಷಣ ಮಾತಾಡೋದಿಲ್ಲ. ಹೆಲ್ಮೆಟ್ ಹಾಕ್ಕೊಳ್ಳೋ ಅಂತ ಮಗನಿಗೆ ಬೈದು ಬೈದು ಸಾಕಾದ ಅಪ್ಪಂದಿರು ಅವನನ್ನು ಒಂದು ಸಲ ಇಲ್ಲಿಗೆ ಕಳಿಸಲಿ. ತೀರಾ ಚಿಕ್ಕ ಮಕ್ಕಳಿಗೆ ಬೇಡ, ಹೈಸ್ಕೂಲ್ ದಾಟಿದವರಿಗೆ ಸರಿ. ಆದರೆ ಮೊದಲೇ ಫೋನ್ ಮಾಡಿ ಯಾವ ದಿನ, ಯಾವ ಹೊತ್ತು ಅಂತ ಕೇಳಿಕೊಳ್ಳದೆ ಹೊಸೂರು ರಸ್ತೆ ಕಡೆ ತಲೆ ಹಾಕಬೇಡಿ.

ಜಾನಪದ ಲೋಕ ಬೆಂಗಳೂರಿನದ್ದಲ್ಲ, ರಾಮನಗರದ ಹತ್ತಿರ. ಆದರೂ ನಮ್ಮ ಪಟ್ಟಿಗಳಲ್ಲಿ ಇದ್ದೇ ಇರುತ್ತದೆ. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ್ದು, 1994ರಲ್ಲಿ ತೆರೆದದ್ದು. ಬೀಸೋ ಕಲ್ಲು, ಸೇರು, ಕೊಳಗ, ಭೂತದ ಮುಖವಾಡ, ಎತ್ತಿನ ಗಾಡಿ. ನಮ್ಮ ಅಮ್ಮನ ವಯಸ್ಸಿನವರನ್ನು ಕರೆದುಕೊಂಡು ಹೋದರೆ ವಿವರಿಸೋಕೆ ಗೈಡ್ ಬೇಡ, ಅವರೇ ಶುರು ಮಾಡುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. 2023ರಲ್ಲಿ ಮೈಸೂರಿಗೆ ಹೊಸ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಅದು ರಾಮನಗರ, ಚನ್ನಪಟ್ಟಣದ ಒಳಗೆ ಹೋಗೋದಿಲ್ಲ, ಬೈಪಾಸ್‌ನಲ್ಲಿ ಹಾರಿಹೋಗುತ್ತದೆ. ಜಾನಪದ ಲೋಕ ಇರೋದು ಹಳೇ ರಸ್ತೆಯಲ್ಲಿ. ಕಾರಲ್ಲಿ ಸುಮ್ನೆ ಮುಂದೆ ಹೋಗುತ್ತಿದ್ದರೆ ಮದ್ದೂರು ವಡೆ ವಾಸನೆ ಬಂದ ಮೇಲೇ ಗೊತ್ತಾಗೋದು. ಬಸ್ಸಿಗೂ ಹಾಗೇ, ಎಲ್ಲ ಮೈಸೂರು ಬಸ್ಸೂ ಅಲ್ಲಿ ನಿಲ್ಲೋದಿಲ್ಲ, ‘ರಾಮನಗರದೊಳಗೆ ಹೋಗುತ್ತಾ’ ಅಂತ ಕೇಳಿಯೇ ಹತ್ತಿ. ಮತ್ತೆ ಹೇಳ್ತೀನಿ, ಮಂಗಳವಾರ ಬಿಟ್ಟು.

ಇಷ್ಟೆಲ್ಲ ಬರೆದದ್ದು ಯಾಕೆ ಅಂದರೆ, ಇದರಲ್ಲಿ ಒಂದೂ ಗುಟ್ಟಿನ ಮಾಹಿತಿ ಅಲ್ಲ. ಎಲ್ಲ ಅಲ್ಲಲ್ಲಿ ಇರೋದೇ. ಒಂದು ಕಡೆ, ಕನ್ನಡದಲ್ಲಿ, ಆ ವಾರಕ್ಕೆ ಸರಿಯಾಗಿ ಸಿಗೋದಿಲ್ಲ ಅಷ್ಟೇ. ಮೊಬೈಲ್ ಇದೆಯಲ್ಲ, ಹುಡುಕಿಕೊಳ್ಳಲಿ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಹೇಳಬಹುದು. ಮೊಬೈಲ್ ನೋಡಿಯೇ ನಾವು ಬೀಗ ಹಾಕಿದ ಗೇಟಿನ ಮುಂದೆ ಚಿತ್ರಾನ್ನ ತಿಂದದ್ದು. ಮೇಲಾಗಿ ಕೆಲವು ಕಡೆಯವರು ರಜೆ, ಸಮಯದ ಬದಲಾವಣೆಯನ್ನು ಇಂಗ್ಲಿಷಿನಲ್ಲಿ ಇನ್‌ಸ್ಟಾಗ್ರಾಮಲ್ಲಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅರಸೀಕೆರೆಯ ಮೇಷ್ಟ್ರು ಐವತ್ತು ಮಕ್ಕಳನ್ನು ಬಸ್ಸಿಗೆ ಹತ್ತಿಸುವ ಮುಂಚೆ ಇನ್‌ಸ್ಟಾಗ್ರಾಮ್ ನೋಡ್ತಾರಾ? ಪೇಪರ್ ನೋಡ್ತಾರೆ. ನಿಮ್ಮ ಪತ್ರಿಕೆಗೆ ಜಿಲ್ಲೆ ಜಿಲ್ಲೆಯಲ್ಲಿ ಓದುಗರು ಇದ್ದಾರೆ, ಪ್ರವಾಸದ ಬಸ್ಸು ಹೊರಡೋದೂ ಅಲ್ಲಿಂದಲೇ.

ದಿನಾ ಹಾಕೋದು ಕಷ್ಟ ಅಂದರೆ ಶನಿವಾರ ಒಂದು ದಿನ ಹಾಕಿ, ಮುಂದಿನ ಶುಕ್ರವಾರದವರೆಗಿನದ್ದು. ಹಬ್ಬದ ವಾರ ಬೇಕಾದರೆ ಎರಡು ಸಲ, ಯಾಕಂದರೆ ಗೊಂದಲ ಆಗೋದು ಆಗಲೇ. ಮೇ 18 ಅಂತಾರಾಷ್ಟ್ರೀಯ ಮ್ಯೂಸಿಯಂ ದಿನ, ಅವತ್ತು ವಿಶೇಷ ಪುಟ ಮಾಡಿ ಹಳೇ ಫೋಟೋ ಹಾಕೋದಕ್ಕಿಂತ ಆ ದಿನದಿಂದ ಈ ನಾಲ್ಕು ಸಾಲು ಶುರು ಮಾಡಿದರೆ ಉಪಯೋಗ. ಮ್ಯೂಸಿಯಂನವರಿಗೂ ಒಂದು ಮಾತು. ಗೇಟಿಗೆ ಅಂಟಿಸುವ ಹಾಳೆಯ ಇನ್ನೊಂದು ಪ್ರತಿಯನ್ನು ಪತ್ರಿಕೆಗಳಿಗೆ ಕಳಿಸಿ, ಯಾವ ತಾರೀಖಿನವರೆಗೆ ಅನ್ನೋದನ್ನೂ ಬರೆಯಿರಿ. ತಾರೀಖು ಗೊತ್ತಿಲ್ಲದಿದ್ದರೆ ಕೇಳೋಕೆ ಒಂದು ಫೋನ್ ನಂಬರ್ ಬರೆಯಿರಿ, ಆ ಫೋನನ್ನು ಯಾರಾದರೂ ಎತ್ತಲಿ.

ಪ್ರತಿ ವಾರ ಎಲ್ಲ ಕಡೆ ಫೋನ್ ಮಾಡಿ ಕೇಳೋಕೆ ನಿಮ್ಮಲ್ಲಿ ಜನ ಇಲ್ಲ ಅಂದರೆ ನನಗೆ ಹೇಳಿ. ರಿಟೈರ್ ಆದ ಮೂರ್ನಾಲ್ಕು ಜನ ನಮ್ಮ ಪಾರ್ಕಲ್ಲಿ ಬೆಳಿಗ್ಗೆ ವಾಕಿಂಗ್ ಮುಗಿಸಿ ಕಾಫಿ ಕುಡಿಯುತ್ತಾ ರಾಜಕೀಯ ಮಾತಾಡುತ್ತಾ ಕೂತಿರುತ್ತಾರೆ, ಅವರಿಗೆ ಈ ಕೆಲಸ ಕೊಡಬಹುದು. ಒಬ್ಬರಂತೂ ಟೆಲಿಫೋನ್ಸ್‌ನಲ್ಲೇ ಇದ್ದವರು, ಎತ್ತೋವರೆಗೆ ಬಿಡೋದಿಲ್ಲ.

ಇತಿ,
ನಿಮ್ಮ ಓದುಗ
ವಿಜಯನಗರ, ಬೆಂಗಳೂರು